ಫ್ಯಾಕ್ಟರಿಗೆ ಪ್ರೈವೇಟ್ 5ಜಿ ಹಾಕಿಸೋದು ನಿಜವಾಗ್ಲೂ ಉಪಯೋಗಾನಾ, ಇಲ್ಲ ಇರೋ ವೈಫೈನೇ ಸರಿ ಮಾಡ್ಕೊಂಡ್ರೆ ಸಾಕಾ?

ದಾಬಸ್‌ಪೇಟೆ_ಮೇಂಟೆನೆನ್ಸ್

ಎಲ್ಲರಿಗೂ ನಮಸ್ಕಾರ. ದಾಬಸ್‌ಪೇಟೆ ಕಡೆ ಒಂದು ಆಟೋ ಪಾರ್ಟ್ಸ್ ಫ್ಯಾಕ್ಟರೀಲಿ ಮೇಂಟೆನೆನ್ಸು ಐಟಿ ಎರಡೂ ನಾನೇ ನೋಡ್ಕೋತೀನಿ. ಪ್ರೆಸ್ ಶಾಪ್ ಒಂದು ಶೆಡ್, ಅಸೆಂಬ್ಲಿ ಇನ್ನೊಂದು ಶೆಡ್, ಮಧ್ಯದಲ್ಲಿ ಓಪನ್ ಯಾರ್ಡು, ಹಿಂದೆ ಗೋಡೌನ್. ಬಿನ್ ಸಾಗಿಸೋಕೆ ಡ್ರೈವರ್ ಇಲ್ಲದೆ ಓಡೋ ಎಜಿವಿ ಗಾಡಿ ತರಿಸಿದ್ವಿ, ಈಗ ಅದೇ ತಲೆನೋವಾಗಿದೆ. ಪ್ರೆಸ್ ಶಾಪ್ ಗೇಟ್ ದಾಟಿ ಯಾರ್ಡಿಗೆ ಬರೋ ಜಾಗದಲ್ಲಿ ಒಂದೊಂದ್ಸಲ ಇದ್ದಕ್ಕಿದ್ದಂಗೆ ನಿಂತ್ಬಿಡುತ್ತೆ, ಕೆಂಪು ಲೈಟ್ ಹತ್ಕೊಳ್ಳುತ್ತೆ, ಯಾರಾದ್ರೂ ಹೋಗಿ ರೀಸೆಟ್ ಒತ್ತಬೇಕು, ಅಷ್ಟೊತ್ತಿಗೆ ಹಿಂದೆ ಇನ್ನೊಂದು ಗಾಡಿ ಬಂದು ಕ್ಯೂ ನಿಂತಿರುತ್ತೆ, ಆ ಕಡೆ ಅಸೆಂಬ್ಲಿ ಲೈನಲ್ಲಿ ಪಾರ್ಟ್ ಇಲ್ಲ ಅಂತ ಫೋನ್ ಮೇಲೆ ಫೋನು. ಗೋಡೌನಲ್ಲಿ ಬಾರ್‌ಕೋಡ್ ಸ್ಕ್ಯಾನರ್‌ಗಳೂ ರ‍್ಯಾಕ್ ಮಧ್ಯೆ ಹೋದಾಗ ಲೋಡ್ ಆಗ್ತಾ ಸುತ್ತುತಾನೇ ಇರ್ತವೆ.

ಈಗ ಒಬ್ಬ ವೆಂಡರ್ ಬಂದು ಪ್ರೈವೇಟ್ 5ಜಿ (ಪ್ಲಾಂಟ್‌ಗೆ ಅಂತಲೇ ಇರೋ ಬೇರೆ ಮೊಬೈಲ್ ನೆಟ್‌ವರ್ಕು) ಹಾಕಿಸಿ, ಎಲ್ಲಾ ಸರಿಹೋಗುತ್ತೆ ಅಂತಿದಾರೆ. ಮೈನಿಂಗು, ಪೋರ್ಟು, ಆಸ್ಪತ್ರೆ, ಕಾರ್ ಫ್ಯಾಕ್ಟರಿ, ಎಲ್ಲ ಕಡೆ ಇದೇ ನಡೀತಿದೆ, 1 ಮಿಲಿಸೆಕೆಂಡ್ ಲೇಟೆನ್ಸಿ (ಡೇಟಾ ತಲುಪೋಕೆ ಹಿಡಿಯೋ ಟೈಮು) ಅಂತ ದೊಡ್ಡ ಪ್ರೆಸೆಂಟೇಶನ್ನು ತೋರಿಸಿದ್ರು. ನಮ್ಮ ಪ್ಲಾಂಟ್ ಹೆಡ್‌ಗೆ ಇಷ್ಟ ಆಗಿದೆ, ನನ್ನ ಅಭಿಪ್ರಾಯ ಬರೆದು ಕೊಡು ಅಂದಿದಾರೆ. ಬೇರೆ ಬೇರೆ ಇಂಡಸ್ಟ್ರೀಲಿ ಇದನ್ನ ಹತ್ತಿರದಿಂದ ನೋಡಿದೋರು ಇದ್ರೆ ದಯವಿಟ್ಟು ಹೇಳಿ, ಯಾರಿಗೆ ಏನು ಲಾಭ ಆಯ್ತು, ನಮ್ಮಂಥ ಮಧ್ಯಮ ಸೈಜಿನ ಪ್ಲಾಂಟ್‌ಗೆ ಇದು ಬೇಕಾ?

ತರಂಗಾಂತರ

ಸರ್, 5ಜಿ ವಿಚಾರ ಆಮೇಲೆ, ಮೊದಲು ಗಾಡಿ ಯಾಕೆ ನಿಲ್ಲುತ್ತೆ ನೋಡೋಣ. ನೀವು ಹೇಳಿದ ಜಾಗಾನೇ ಸುಳಿವು. ಗೇಟ್ ದಾಟೋವಾಗ ಎಜಿವಿ ಶೆಡ್ ಒಳಗಿನ ಆ್ಯಕ್ಸೆಸ್ ಪಾಯಿಂಟ್ (ಎಪಿ, ವೈಫೈ ಸಿಗ್ನಲ್ ಕೊಡೋ ಡಬ್ಬ) ಬಿಟ್ಟು ಹೊರಗಿಂದನ್ನ ಹಿಡೀಬೇಕು. ವೈಫೈನಲ್ಲಿ ಯಾವಾಗ ಬಿಡಬೇಕು, ಯಾವುದನ್ನ ಹಿಡೀಬೇಕು ಅನ್ನೋ ತೀರ್ಮಾನ ಡಿವೈಸ್‌ದು, ನೆಟ್‌ವರ್ಕ್‌ದಲ್ಲ. ಕೆಲವು ವೈಫೈ ಕಾರ್ಡ್‌ಗಳು ಹಳೇ ಸಿಗ್ನಲ್ ಪೂರ್ತಿ ಸಾಯೋ ತನಕ ಅದಕ್ಕೇ ಅಂಟ್ಕೊಂಡಿರ್ತವೆ, ಆಮೇಲೆ ಸ್ಕ್ಯಾನ್ ಮಾಡಿ, ಹೊಸಾದರ ಹತ್ರ ಮತ್ತೆ ಅಥೆಂಟಿಕೇಶನ್ ಮುಗಿಸೋ ಹೊತ್ತಿಗೆ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಹೋಗಿರುತ್ತೆ. ಮೊಬೈಲಲ್ಲಿ ವಾಟ್ಸಾಪ್ ನೋಡೋರಿಗೆ ಇದು ಗೊತ್ತೇ ಆಗಲ್ಲ. ಆದ್ರೆ ಎಜಿವಿಯ ಸೇಫ್ಟಿ ಪಿಎಲ್‌ಸಿಗೆ, ಅಂದ್ರೆ ಸುರಕ್ಷತೆ ನೋಡ್ಕೊಳ್ಳೋ ಕಂಟ್ರೋಲರ್‌ಗೆ, ಗೊತ್ತಾಗುತ್ತೆ. ಪ್ರೊಫಿಸೇಫ್ ಥರದ ಪ್ರೋಟೋಕಾಲ್ ಇದ್ರೆ ಅದರಲ್ಲೊಂದು ವಾಚ್‌ಡಾಗ್ ಟೈಮರ್ ಇರುತ್ತೆ, ಆ ಟೈಮ್ ಒಳಗೆ ಸರಿಯಾದ ಪ್ಯಾಕೆಟ್ ಬರಲಿಲ್ಲ ಅಂದ್ರೆ ಗಾಡಿ ನಿಲ್ಲಿಸೋದೇ ಅದರ ಕೆಲಸ. ಅಂದ್ರೆ ನಿಮ್ಮ ಎಜಿವಿ ಕೆಟ್ಟಿಲ್ಲ, ಅದು ಮಾಡಬೇಕಾದ್ದನ್ನೇ ಮಾಡ್ತಿದೆ.

ಎಲ್‌ಟಿಇ (4ಜಿ), 5ಜಿಯಲ್ಲಿ ಇದು ಬೇರೆ ಥರ. ಹ್ಯಾಂಡೋವರ್, ಅಂದ್ರೆ ಒಂದು ಸೆಲ್ ಬಿಟ್ಟು ಇನ್ನೊಂದಕ್ಕೆ ಹೋಗೋದು, ಯಾವಾಗ ಅಂತ ತೀರ್ಮಾನ ಮಾಡೋದು ನೆಟ್‌ವರ್ಕು, ಮುಂದಿನ ಸೆಲ್‌ನಲ್ಲಿ ಜಾಗ ರೆಡಿ ಮಾಡಿಟ್ಟು ಆಮೇಲೆ ಡಿವೈಸ್‌ನ ಕಳಿಸುತ್ತೆ. ಇನ್ನೊಂದು ವ್ಯತ್ಯಾಸ, ವೈಫೈನಲ್ಲಿ ಪ್ರತಿ ಡಿವೈಸೂ ಗಾಳೀಲಿ ಬೇರೆ ಯಾರೂ ಮಾತಾಡ್ತಿಲ್ಲ ಅಂತ ಕೇಳಿಸ್ಕೊಂಡು ಆಮೇಲೆ ಕಳಿಸಬೇಕು, ಡಿವೈಸ್ ಜಾಸ್ತಿ ಆದಷ್ಟೂ ಕಾಯೋದು ಜಾಸ್ತಿ, ಎಷ್ಟು ಕಾಯಬೇಕು ಅಂತ ಮೊದಲೇ ಹೇಳೋಕಾಗಲ್ಲ. ಸೆಲ್ಯುಲಾರ್‌ನಲ್ಲಿ ಬೇಸ್ ಸ್ಟೇಷನ್ನೇ ಬ್ಯಾಂಕಲ್ಲಿ ಟೋಕನ್ ಕೊಟ್ಟ ಹಾಗೆ ಪ್ರತಿಯೊಬ್ಬರಿಗೂ ಟೈಮ್ ಹಂಚುತ್ತೆ. ಮೇಲಾಗಿ ವೈಫೈ ಓಡೋದು ಲೈಸೆನ್ಸ್ ಬೇಡದ ಬ್ಯಾಂಡಲ್ಲಿ, ನಿಮ್ಮ ಪಕ್ಕದ ಫ್ಯಾಕ್ಟರಿಯೋರು, ಯಾರ್ಡಿಗೆ ಬಂದ ಲಾರಿ ಡ್ರೈವರ್ ಮೊಬೈಲ್ ಹಾಟ್‌ಸ್ಪಾಟು, ಎಲ್ಲಾ ಅದೇ ಬ್ಯಾಂಡಲ್ಲೇ ಇರ್ತವೆ, ಯಾರನ್ನೂ ಕೇಳೋ ಹಾಗಿಲ್ಲ.

ಆದ್ರೂ ನಾನು ಹೇಳೋದು, ಮೊದಲು ವೈಫೈ ಸರಿಯಾಗಿ ಮಾಡಿ ನೋಡಿ. 802.11ಆರ್ ಅಂತ ಫಾಸ್ಟ್ ರೋಮಿಂಗ್ ಆಪ್ಶನ್ (ಎಪಿ ಬದಲಾಯಿಸೋದನ್ನ ಬೇಗ ಮುಗಿಸೋದು) ಇದೆ, ಆನ್ ಇದೆಯಾ ನೋಡಿ. ಎಜಿವಿಗೆ ಬೇರೆ ಎಸ್‌ಎಸ್‌ಐಡಿ (ವೈಫೈ ಹೆಸರು) ಮಾಡಿ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಇಡಿ. ಚಾನೆಲ್ ಅಗಲ 80 ಮೆಗಾಹರ್ಟ್ಸ್ ಇದ್ರೆ 20ಕ್ಕೆ ಇಳಿಸಿ, ಎಜಿವಿಗೆ ಸ್ಪೀಡ್ ಬೇಡ. ಎಪಿ ಪವರ್ ಫುಲ್ ಇಟ್ಟಿದ್ರೆ ಕಡಿಮೆ ಮಾಡಿ, ದೂರದ ಎಪಿ ಜೋರಾಗಿ ಕೇಳಿಸಿದ್ರೆ ಗಾಡಿ ಅದನ್ನ ಬಿಡೋದೇ ಇಲ್ಲ. ಇದಿಷ್ಟರಲ್ಲೇ ಎಷ್ಟೋ ಕಡೆ ಸಮಸ್ಯೆ ಮುಗಿದುಹೋಗುತ್ತೆ, ಖರ್ಚು ಅಂದ್ರೆ ಒಬ್ಬ ಒಳ್ಳೆ ಎಂಜಿನಿಯರ್‌ದು ಒಂದೆರಡು ದಿನದ ಕೆಲಸ.

ದಾಬಸ್‌ಪೇಟೆ_ಮೇಂಟೆನೆನ್ಸ್

ತುಂಬಾ ಥ್ಯಾಂಕ್ಸ್ ಸರ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಈಗ್ಲೇ ವೈಫೈ ಕಂಟ್ರೋಲರ್ ನೋಡ್ದೆ, 802.11ಆರ್ ಆಫ್ ಇದೆ, ಹಳೇ ಸ್ಕ್ಯಾನರ್‌ಗಳು ಕನೆಕ್ಟ್ ಆಗಲ್ಲ ಅಂತ ವೈಫೈ ಹಾಕಿದೋರೇ ಆಫ್ ಮಾಡಿದ್ರಂತೆ. ಬೇರೆ ಎಸ್‌ಎಸ್‌ಐಡಿ ಮಾಡಿ ನೋಡ್ತೀನಿ. ಆದ್ರೆ ಆ 1 ಮಿಲಿಸೆಕೆಂಡ್ ವಿಚಾರ ನಿಜಾನಾ? ಪ್ಲಾಂಟ್ ಹೆಡ್ ಅದನ್ನೇ ಹಿಡ್ಕೊಂಡಿದಾರೆ.

ಸ್ಟುಟ್‌ಗಾರ್ಟ್_ಕನ್ನಡಿಗ

ನಾನು ಜರ್ಮನಿಯಲ್ಲಿ ಫ್ಯಾಕ್ಟರಿ ಆಟೊಮೇಶನ್ ಕೆಲಸದಲ್ಲಿದೀನಿ, ಊರು ಹಾಸನ. 1 ಮಿಲಿಸೆಕೆಂಡ್ ಅನ್ನೋದು ಸ್ಟ್ಯಾಂಡರ್ಡಲ್ಲಿ ರೇಡಿಯೋ ಭಾಗಕ್ಕೆ ಇಟ್ಟ ಗುರಿ. ಅದಕ್ಕೆ ಬೇಕಾದ ಫೀಚರ್‌ಗಳು ಎಲ್ಲ ಬೇಸ್ ಸ್ಟೇಷನ್‌ನಲ್ಲೂ ಎಲ್ಲ ಮೋಡೆಮ್‌ನಲ್ಲೂ ಇರಲ್ಲ. 3.5 ಗಿಗಾಹರ್ಟ್ಸ್ ಆಸುಪಾಸಿನ ಮಾಮೂಲಿ ಪ್ರೈವೇಟ್ 5ಜಿಯಲ್ಲಿ ಪ್ಯಾಕೆಟ್ ಹೋಗಿ ಬರೋಕೆ ಹತ್ತು ಹದಿನೈದು ಮಿಲಿಸೆಕೆಂಡ್ ಆಗೋದು ಸಾಮಾನ್ಯ. ಅದೇನೂ ಕೆಟ್ಟದ್ದಲ್ಲ. ಎಜಿವಿಗೆ ಬೇಕಾಗಿರೋದು ಕಡಿಮೆ ಲೇಟೆನ್ಸಿ ಅಲ್ಲ, ದಿನವಿಡೀ ಒಂದೇ ಥರ ಇರೋ ಲೇಟೆನ್ಸಿ. ಸಾವಿರ ಪ್ಯಾಕೆಟ್ ಬೇಗ ಬಂದು ಒಂದು ಪ್ಯಾಕೆಟ್ ಅರ್ಧ ಸೆಕೆಂಡ್ ಲೇಟ್ ಆದ್ರೆ ಗಾಡಿ ನಿಲ್ಲೋದು ಆ ಒಂದಕ್ಕೇ. ಹಾಗಾಗಿ ವೆಂಡರ್ ಹತ್ರ ಸರಾಸರಿ ಕೇಳಬೇಡಿ, ಅತಿ ಕೆಟ್ಟ ನಂಬರ್ ಎಷ್ಟು, ಅದೂ ಹ್ಯಾಂಡೋವರ್ ಆಗೋವಾಗ ಎಷ್ಟು ಅಂತ ಕೇಳಿ.

ಇಲ್ಲಿ ಇದು ಬೆಳೆದಿದ್ದಕ್ಕೆ ದೊಡ್ಡ ಕಾರಣ ಸ್ಪೆಕ್ಟ್ರಮ್, ಅಂದ್ರೆ ಸಿಗ್ನಲ್ ಕಳಿಸೋಕೆ ಬೇಕಾದ ರೇಡಿಯೋ ತರಂಗಾಂತರ. 3.7ರಿಂದ 3.8 ಗಿಗಾಹರ್ಟ್ಸ್, ಅಂದ್ರೆ ಪೂರ್ತಿ 100 ಮೆಗಾಹರ್ಟ್ಸ್‌ನ ಸರ್ಕಾರ ಟೆಲಿಕಾಂ ಕಂಪನಿಗಳಿಗೆ ಹರಾಜು ಹಾಕದೆ ಲೋಕಲ್ ಬಳಕೆಗೆ ಅಂತ ಎತ್ತಿಟ್ಟಿತು, 2019ರ ನವೆಂಬರ್‌ನಿಂದ ಅರ್ಜಿ ತಗೊಳ್ಳೋಕೆ ಶುರು ಮಾಡ್ತು. ಜಾಗ ನಿಮ್ಮದಾದ್ರೆ ನೀವೇ ಅರ್ಜಿ ಹಾಕಬಹುದು. ಫೀಸ್ ಫಾರ್ಮುಲಾ ಎಲ್ಲರಿಗೂ ಕಾಣೋ ಹಾಗೆ ಹಾಕಿದಾರೆ, 1000 ಯೂರೋ ಮೂಲ ಶುಲ್ಕ, ಅದರ ಮೇಲೆ ಎಷ್ಟು ಮೆಗಾಹರ್ಟ್ಸ್, ಎಷ್ಟು ವರ್ಷ, ಎಷ್ಟು ಚದರ ಕಿಲೋಮೀಟರ್ ಅನ್ನೋದರ ಮೇಲೆ ಲೆಕ್ಕ. ಊರೊಳಗಿನ ಒಂದು ಚದರ ಕಿಲೋಮೀಟರ್ ಜಾಗಕ್ಕೆ ಆ 100 ಮೆಗಾಹರ್ಟ್ಸೂ 10 ವರ್ಷಕ್ಕೆ ಬೇಕು ಅಂದ್ರೆ 31,000 ಯೂರೋ ಆಗುತ್ತೆ, 20 ಮೆಗಾಹರ್ಟ್ಸ್ ಸಾಕು ಅಂದ್ರೆ 7,000. ವರ್ಷಕ್ಕಲ್ಲ, ಹತ್ತು ವರ್ಷಕ್ಕೆ! ಹಾಗಾಗಿ ದೊಡ್ಡ ಕಾರ್ ಕಂಪನಿಗಳ ಜೊತೆ ಯೂನಿವರ್ಸಿಟಿ, ಆಸ್ಪತ್ರೆ, ಸಣ್ಣ ಫ್ಯಾಕ್ಟರಿಗಳೂ ಅರ್ಜಿ ಹಾಕಿದ್ವು. ಬಾಷ್‌ನೋರು 2020ರಲ್ಲಿ ಇಲ್ಲೇ ಫೊಯರ್‌ಬಾಖ್ ಪ್ಲಾಂಟಲ್ಲಿ ಶುರು ಮಾಡಿದ್ರು. ನಮ್ಮ ಬೆಂಗಳೂರಲ್ಲೂ ಬಾಷ್ ಆಟೋಮೋಟಿವ್ ಎಲೆಕ್ಟ್ರಾನಿಕ್ಸ್ ಪ್ಲಾಂಟಲ್ಲಿ 2022ರ ಜುಲೈನಲ್ಲಿ ಏರ್‌ಟೆಲ್‌ನೋರು ಟ್ರಯಲ್ ಸ್ಪೆಕ್ಟ್ರಮ್ ಮೇಲೆ ಪ್ರೈವೇಟ್ 5ಜಿ ನಡೆಸಿ ತೋರಿಸಿದ್ರು, ಭಾರತದಲ್ಲಿ ಇದೇ ಮೊದಲು ಅಂತ ಅವಾಗ ಸುದ್ದಿ ಆಗಿತ್ತು.

ಒಂದು ಮಾತು ಮಾತ್ರ ನಿಮ್ಮ ಪ್ಲಾಂಟ್ ಹೆಡ್‌ಗೆ ಖಂಡಿತ ಹೇಳಿ. ಇಷ್ಟೆಲ್ಲಾ ಇದ್ರೂ ನಾನು ಒಳಗೆ ಹೋದ ಪ್ಲಾಂಟ್‌ಗಳಲ್ಲಿ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಮಷೀನ್‌ಗಳೆಲ್ಲ ಇನ್ನೂ ವೈರ್ ಮೇಲೇ ಇವೆ. ವೈರ್‌ಲೆಸ್ ಹೋಗಿರೋದು ಓಡಾಡೋ ವಸ್ತುಗಳಿಗೆ, ಎಜಿವಿ, ಬೋಲ್ಟ್ ಟೈಟ್ ಮಾಡೋ ಕೈ ಟೂಲು, ಲೈನ್ ಕೊನೇಲಿ ಸಾಫ್ಟ್‌ವೇರ್ ತುಂಬಿಸ್ಕೊಳ್ಳೋ ಕಾರು. ವೈರ್ ಎಳೆಯೋಕಾಗೋ ಜಾಗಕ್ಕೆ ವೈರೇ ಎಳೀರಿ.

ಸಂಡೂರು_ಬೆಂಚ್

ಅಣ್ಣಾರ, ನಾ ಕಬ್ಬಿಣದ ಅದಿರು ಗಣಿಯೊಳಗ ಡಿಸ್ಪ್ಯಾಚ್ ನೋಡ್ಕೋತೀನಿ, ಅದಕ್ಕ ಗಣಿ ಕಡೀಂದ ಹೇಳ್ತೀನಿ. ಫ್ಯಾಕ್ಟರಿ ಇದ್ದಲ್ಲೇ ಇರ್ತೈತಿ. ಗಣಿ ಹಂಗಲ್ಲ, ಇವತ್ತಿದ್ದ ಗುಡ್ಡ ಬ್ಲಾಸ್ಟಿಂಗ್ ಆದ ಮ್ಯಾಲ ಇರಂಗಿಲ್ಲ. ಡಂಪರ್ ಎಲ್ಲಿ ಐತಿ, ಅದಿರು ತುಂಬೋ ಯಾವ ಶವಲ್ ಹತ್ರ ಕಳಿಸ್ಬೇಕು ಅಂತ ನಾವು ವೈಫೈ ಮೆಶ್ (ಒಂದು ಎಪಿ ಇನ್ನೊಂದಕ್ಕ ಸಿಗ್ನಲ್ ದಾಟಿಸೋದು) ಮ್ಯಾಲ ನಡೆಸ್ತಿದ್ವಿ. ಸೋಲಾರ್ ಪ್ಯಾನೆಲ್ ಇರೋ ಟ್ರೇಲರ್ ಮ್ಯಾಲ ಎಪಿ ಕೂಡ್ಸಿ ಬೆಂಚ್ (ಗಣಿಯ ಮೆಟ್ಟಿಲು) ಮ್ಯಾಲ ಇಡ್ತಾರ, ಬ್ಲಾಸ್ಟಿಂಗ್ ಮುಂಚೆ ಅದನ್ನ ಎಳ್ಕೊಂಡು ದೂರ ಒಯ್ಯಬೇಕು, ಆಮೇಲೆ ಮತ್ತ ತಂದು ಇಡಬೇಕು, ಒಂದು ಟ್ರೇಲರ್ ಹಿಂದಮುಂದ ಆತಂದ್ರ ಅದರ ಆಚಿಗಿನ ಎಲ್ಲಾ ಡಂಪರ್ ಸ್ಕ್ರೀನಿಂದ ಮಾಯ. ಮಳೆಗಾಲದಾಗ ಕೆಂಪು ಕೆಸರಾಗ ಆ ಟ್ರೇಲರ್ ಎಳೆಯೋದು ಎಂಥಾ ಕೆಲಸ ಅಂತ ಮಾಡಿದವರಿಗೇ ಗೊತ್ತು. ಡಿಸ್ಪ್ಯಾಚ್ ಕುಂತವ್ರು ಡ್ರೈವರ್‌ಗೆ ವಾಕಿಟಾಕಿಯೊಳಗ ಎಲ್ಲಿದೀಯೋ ಅಂತ ಕೇಳೋದೇ ಆಗ್ತಿತ್ತು.

ಪ್ರೈವೇಟ್ ಎಲ್‌ಟಿಇಗೆ ಗಣಿ ಅಂಚಿನ ಮ್ಯಾಲ ಟವರ್ ಹಾಕಿದ್ರ ಪಿಟ್ ಒಳಗ ದೂರದ ತನಕ ಸಿಗ್ತೈತಿ, ವೈಫೈಗಿಂತ ಟವರ್ ಪವರ್ ಜಾಸ್ತಿ, ಅದಕ್ಕ ಟ್ರೇಲರ್ ಭಾಳ ಕಮ್ಮಿ ಬೇಕು. ಡಿಸ್ಪ್ಯಾಚು, ಮಾತಾಡೋ ರೇಡಿಯೋ, ಕ್ಯಾಮೆರಾ, ಗುಡ್ಡ ಜಾರೋದನ್ನ ನೋಡೋ ಸ್ಲೋಪ್ ರೇಡಾರ್ ಡೇಟಾ, ಎಲ್ಲಾ ಒಂದೇ ನೆಟ್‌ವರ್ಕಿನ ಮ್ಯಾಲ ಬರ್ತಾವ. ಸ್ವೀಡನ್ ಉತ್ತರದಾಗ ಬೋಲಿಡೆನ್ ಕಂಪನಿ ಐಟಿಕ್ ಅನ್ನೋ ತಾಮ್ರದ ಗಣಿಯೊಳಗ ಡ್ರಿಲ್ ಮಷೀನ್ ದೂರ ಕುಂತು ನಡೆಸೋಕೆ ಪ್ರೈವೇಟ್ 5ಜಿ ಹಾಕ್ಯಾರ. ಆಸ್ಟ್ರೇಲಿಯಾದ ಪಿಲ್‌ಬರಾದಾಗ ರಿಯೊ ಟಿಂಟೊದವ್ರು ಡ್ರೈವರ್ ಇಲ್ಲದ ಡಂಪರ್ 2008ರಾಗೇ ಶುರು ಮಾಡಿದ್ರು, ಅಲ್ಲಿ ನೆಟ್‌ವರ್ಕ್ ಹೋತಂದ್ರ ಡಂಪರ್ ನಿಂತಂಗ.

ನನಗ ಇದರಾಗ ಭಾಳ ದೊಡ್ಡದು ಅನ್ನಿಸೋದು ಡ್ರಿಲ್ ವಿಚಾರ. ಬ್ಲಾಸ್ಟ್ ಹೋಲ್ ಕೊರೆಯೋ ಅಂಚಿನ ಮ್ಯಾಲ, ಧೂಳಿನಾಗ, ಶಬ್ದದಾಗ ಒಬ್ಬ ಮನುಷ್ಯ ಎಂಟು ತಾಸು ಕುಂದ್ರೋದು ತಪ್ಪಿ ಆಫೀಸಿನಾಗ ಸ್ಕ್ರೀನ್ ಮುಂದ ಕುಂದ್ರೋ ಹಂಗ ಆದ್ರ ಅದಕ್ಕಿಂತ ಲಾಭ ಯಾವುದೈತಿ ಹೇಳ್ರಿ. ಖರ್ಚಿನ ಲೆಕ್ಕ ಹಾಕೋವಾಗ ಇದನ್ನೂ ಹಾಕಬೇಕ್ರಿ.

ಪಣಂಬೂರು_ಯಾರ್ಡ್

ನಾನು ಕಂಟೇನರ್ ಯಾರ್ಡ್‌ನಲ್ಲಿ ಸಿಸ್ಟಮ್ಸ್ ನೋಡುದು. ಫ್ಯಾಕ್ಟರಿ ಗೋಡೌನಿನ ರ‍್ಯಾಕ್ ಸಮಸ್ಯೆ ಹೇಳಿದ್ರಲ್ಲ, ನಮ್ಮದು ಅದರ ದೊಡ್ಡ ರೂಪ ಮಾರಾಯ್ರೆ. ಕಂಟೇನರ್ ಅಂದ್ರೆ ಉಕ್ಕಿನ ಪೆಟ್ಟಿಗೆ, ಅದನ್ನು ನಾಲ್ಕೈದು ಎತ್ತರಕ್ಕೆ ಪೇರಿಸಿ ಇಡುದು, ಬೆಳಿಗ್ಗೆ ಸಿಗ್ನಲ್ ಇದ್ದ ಜಾಗದಲ್ಲಿ ಮಧ್ಯಾಹ್ನ ಗೋಡೆ ಎದ್ದಿರ್ತದೆ. ಕ್ರೇನ್ ಮೇಲಿನ ಟರ್ಮಿನಲ್‌ಗೆ ಯಾವ ಪೆಟ್ಟಿಗೆ ಎಲ್ಲಿ ಇಡ್ಬೇಕು ಅಂತ ಆರ್ಡರ್ ಬರ್ಲಿಕ್ಕೆ ತಡ ಆದ್ರೆ ಕೆಳಗೆ ಟ್ರೇಲರ್ ಲೈನು ಗೇಟಿನವರೆಗೆ ಹೋಗ್ತದೆ. ವೈಫೈ ಎಪಿ ಹೈ ಮಾಸ್ಟ್ ಲೈಟ್ ಕಂಬದ ಮೇಲೆ ಹಾಕುದು, ಕಂಬ ಇಲ್ಲದ ಕಡೆ ಹಾಕ್ಲಿಕ್ಕೆ ಜಾಗವೇ ಇಲ್ಲ, ಮತ್ತೆ ಉಪ್ಪು ಗಾಳಿಗೆ ಕನೆಕ್ಟರ್ ಎಲ್ಲ ತುಕ್ಕು. ಎಪಿ ಕಡಿಮೆ ಇದ್ದಷ್ಟೂ ನಮಗೆ ಒಳ್ಳೇದು, ಪ್ರೈವೇಟ್ ಸೆಲ್ಯುಲಾರ್‌ನ ಮೊದಲ ಲಾಭ ಇಲ್ಲೇ ಉಂಟು.

ಎರಡನೇದು ಅಪ್‌ಲಿಂಕ್, ಅಂದ್ರೆ ಡಿವೈಸಿನಿಂದ ನೆಟ್‌ವರ್ಕಿಗೆ ಹೋಗುವ ಡೇಟಾ. ಇದನ್ನು ಯಾರೂ ಹೇಳುದಿಲ್ಲ. ನಮ್ಮ ಮೊಬೈಲ್ ನೆಟ್‌ವರ್ಕ್ ಜನ ವಿಡಿಯೋ ನೋಡ್ಲಿಕ್ಕೆ ಅಂತ ಮಾಡಿದ್ದು, ಟೈಮಿನ ಹೆಚ್ಚಿನ ಪಾಲು ಡೌನ್‌ಲಿಂಕಿಗೆ ಹೋಗ್ತದೆ. ಕ್ರೇನ್ ದೂರದಿಂದ ನಡೆಸ್ಬೇಕಾದ್ರೆ ತಿರುಗಾಮುರುಗ, ಕ್ರೇನ್ ಮೇಲಿನ ಹತ್ತಾರು ಕ್ಯಾಮೆರಾದ ವಿಡಿಯೋ ಮೇಲಕ್ಕೆ ಹೋಗ್ಬೇಕು, ಕೆಳಗೆ ಬರುದು ಬರೀ ಕಮಾಂಡ್. ನಿಮ್ಮದೇ ನೆಟ್‌ವರ್ಕ್ ಆದ್ರೆ ಆ ಪಾಲು ನೀವು ಬದಲಾಯಿಸ್ಬಹುದು. ಆದ್ರೆ ಅದೇ ಬ್ಯಾಂಡಿನಲ್ಲಿ ಪಕ್ಕದಲ್ಲಿ ಮೊಬೈಲ್ ಆಪರೇಟರ್ ಟವರ್ ಇದ್ರೆ ಇಬ್ಬರ ಟೈಮಿಂಗ್ ಹೊಂದಾಣಿಕೆ ಆಗ್ಬೇಕು, ಇಲ್ಲದಿದ್ರೆ ಒಬ್ಬರದ್ದು ಇನ್ನೊಬ್ಬರಿಗೆ ಅಡ್ಡ. ವೆಂಡರ್ ಹತ್ರ ಇದನ್ನು ಕೇಳಿ ನೋಡಿ, ಅವರಿಗೆ ವಿಷಯ ಗೊತ್ತುಂಟಾ ಇಲ್ವಾ ಅಂತ ಅಲ್ಲೇ ತಿಳೀತದೆ. ಇಂಗ್ಲೆಂಡಿನ ಫೆಲಿಕ್ಸ್‌ಸ್ಟೋ ಬಂದರಲ್ಲಿ ಇದೇ ಕೆಲಸಕ್ಕೆ, ಅಂದ್ರೆ ಕ್ರೇನ್ ರಿಮೋಟ್ ಮಾಡ್ಲಿಕ್ಕೆ, 5ಜಿ ಪ್ರಯೋಗ ಮಾಡಿದ್ರು. ಆಪರೇಟರ್ ಅಷ್ಟು ಎತ್ತರ ಹತ್ತಿ ಇಡೀ ಶಿಫ್ಟ್ ಬಗ್ಗಿ ಕೆಳಗೆ ನೋಡ್ತಾ ಕೂರುದು ತಪ್ಪಿದ್ರೆ ಎಷ್ಟೋ ಜನರ ಬೆನ್ನು ಕುತ್ತಿಗೆ ಉಳೀತದೆ.

ಸ್ಪೆಕ್ಟ್ರಮ್_ಫೈಲ್

ಮೇಲೆ ಜರ್ಮನಿ ಲೆಕ್ಕ ನೋಡಿ ಆಸೆ ಪಡೋ ಮುಂಚೆ ನಮ್ಮ ದೇಶದ ನಿಯಮ ತಿಳ್ಕೊಳ್ಳಿ. ಇಲ್ಲಿ ಇದರ ಹೆಸರು ಕ್ಯಾಪ್ಟಿವ್ ನಾನ್ ಪಬ್ಲಿಕ್ ನೆಟ್‌ವರ್ಕ್, ಸಿಎನ್‌ಪಿಎನ್ ಅಂತಾರೆ. ದೂರಸಂಪರ್ಕ ಇಲಾಖೆ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸ್ತು. ಅದರ ಪ್ರಕಾರ ದಾರಿ ನಾಲ್ಕು. ಟೆಲಿಕಾಂ ಆಪರೇಟರ್ ತನ್ನ ಸಾರ್ವಜನಿಕ ನೆಟ್‌ವರ್ಕಲ್ಲೇ ಒಂದು ಭಾಗ ಬೇರ್ಪಡಿಸಿ ಕೊಡಬಹುದು, ಅಥವಾ ನಿಮ್ಮ ಪ್ಲಾಂಟ್ ಒಳಗೆ ತನ್ನ ಸ್ಪೆಕ್ಟ್ರಮ್‌ನಲ್ಲಿ ಪೂರ್ತಿ ಪ್ರತ್ಯೇಕ ನೆಟ್‌ವರ್ಕ್ ಕಟ್ಟಿಕೊಡಬಹುದು, ಅಥವಾ ಆಪರೇಟರ್‌ನಿಂದ ಸ್ಪೆಕ್ಟ್ರಮ್ ಲೀಸ್ ತಗೊಂಡು ನೀವೇ ಕಟ್ಕೋಬಹುದು, ಇಲ್ಲ ಅಂದ್ರೆ ನೇರವಾಗಿ ಇಲಾಖೆಯಿಂದ ಸ್ಪೆಕ್ಟ್ರಮ್ ಪಡೀಬಹುದು. ಕೊನೇ ಎರಡಕ್ಕೆ ನಿಮಗೇ ಲೈಸೆನ್ಸ್ ಬೇಕು, 2022ರ ಆ ನಿಯಮದಲ್ಲಿ ಅರ್ಜಿ ಶುಲ್ಕ 50,000 ರೂಪಾಯಿ, ಅವಧಿ 10 ವರ್ಷ, ಎಂಟ್ರಿ ಫೀ ಇಲ್ಲ ಅಂತ ಇತ್ತು.

ಕೇಳೋಕೆ ಚೆನ್ನಾಗಿದೆ, ಆದ್ರೆ ಆ ನಾಲ್ಕನೇ ದಾರೀಲೇ ಜಗಳ ಇರೋದು. ಹರಾಜಲ್ಲಿ ಅಷ್ಟೊಂದು ದುಡ್ಡು ಸುರಿದ ನಮಗೆ ಇದು ಅನ್ಯಾಯ ಅಂತ ಟೆಲಿಕಾಂ ಕಂಪನಿಗಳು ಮೊದಲಿಂದ್ಲೂ ವಿರೋಧ ಮಾಡ್ಕೊಂಡೇ ಬಂದಿವೆ. ಇಲಾಖೆ ಬೇಡಿಕೆ ಸಮೀಕ್ಷೆ ಕರೆದಾಗಲೂ 100 ಕೋಟಿಗಿಂತ ಜಾಸ್ತಿ ನೆಟ್‌ವರ್ತ್ ಇರೋ ಕಂಪನಿಗಳಿಗೆ ಮಾತ್ರ ಅಂತ ಇತ್ತು. ನಾನು ಫೈಲ್ ನೋಡಿದ ಪ್ರಾಜೆಕ್ಟ್‌ಗಳೆಲ್ಲ ಆಪರೇಟರ್ ಮೂಲಕವೇ ಆಗಿದ್ದು. ನನ್ನ ಪ್ರಕಾರ ಇದು ನಮ್ಮ ಸಣ್ಣ, ಮಧ್ಯಮ ಉದ್ಯಮಕ್ಕೆ ನಿಜವಾದ ನಷ್ಟ. ಅಮೆರಿಕದಲ್ಲಿ 3.55ರಿಂದ 3.7 ಗಿಗಾಹರ್ಟ್ಸ್ ಬ್ಯಾಂಡಲ್ಲಿ ನೌಕಾಪಡೆಯ ರೇಡಾರ್‌ಗೆ ಮೊದಲ ಹಕ್ಕು, ಆಮೇಲೆ ಹರಾಜಲ್ಲಿ ಕೊಂಡವರಿಗೆ, ಉಳಿದಿದ್ದನ್ನ ಯಾರು ಬೇಕಾದ್ರೂ ಹರಾಜಿಲ್ಲದೆ ಬಳಸಬಹುದು. ಟ್ರ್ಯಾಕ್ಟರ್ ಮಾಡೋ ಜಾನ್ ಡಿಯರ್ ಕಂಪನಿ 2020ರ ಹರಾಜಲ್ಲಿ ತನ್ನ ಫ್ಯಾಕ್ಟರಿಗಳಿರೋ ಐದು ಕೌಂಟಿಗೆ (ನಮ್ಮ ಜಿಲ್ಲೆ ಥರ) ಸುಮಾರು ಐದೂವರೆ ಲಕ್ಷ ಡಾಲರ್ ಕೊಟ್ಟು ತಾನೇ ಲೈಸೆನ್ಸ್ ಕೊಂಡ್ಕೊಳ್ತು. ಅಂಥ ಬಾಗಿಲು ಪೀಣ್ಯದ ಒಬ್ಬ ಮಾಲೀಕರಿಗೂ ತೆರೆದಿರಬೇಕು.

ನಮ್ಮಲ್ಲಿ ನೇರವಾಗಿ ಸಿಕ್ಕಿರೋದು ರೈಲ್ವೆಗೆ. 2021ರ ಜೂನ್‌ನಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡಲ್ಲಿ 5 ಮೆಗಾಹರ್ಟ್ಸ್ ಕೊಟ್ರು, ರೈಲಿನ ಸಿಗ್ನಲಿಂಗು, ಗಾರ್ಡು ಡ್ರೈವರು ಕಂಟ್ರೋಲ್ ರೂಮ್ ಮಾತಾಡೋಕೆ. ದೆಹಲಿ ಮೀರತ್ ಮಧ್ಯೆ ಓಡೋ ನಮೋ ಭಾರತ್ ರೈಲಿನ ಸಿಗ್ನಲಿಂಗ್ ಎಲ್‌ಟಿಇ ಮೇಲೇ ನಡೆಯುತ್ತೆ. ಅಲ್ಲಿ ಪಬ್ಲಿಕ್ ನೆಟ್‌ವರ್ಕ್ ನಂಬ್ಕೊಂಡು ಕೂರೋಕಾಗಲ್ಲ, ಸ್ಟೇಷನಲ್ಲಿ ಜನ ಜಾಸ್ತಿ ಆಗಿ ನೆಟ್‌ವರ್ಕ್ ಜಾಮ್ ಆಯ್ತು ಅಂತ ರೈಲು ಮಧ್ಯದಲ್ಲಿ ನಿಲ್ಲೋ ಹಾಗಿಲ್ಲ.

ದಾಬಸ್‌ಪೇಟೆ ಸರ್, ನಿಮ್ಮ ವೆಂಡರ್ ಯಾವ ದಾರೀಲಿ ಕೊಡ್ತಿದಾರೆ ಅಂತ ಬರಹದಲ್ಲಿ ಕೇಳಿ. ಮೊದಲನೇ ದಾರಿ ಆದ್ರೆ ನಿಮ್ಮ ಡೇಟಾ ಪ್ಲಾಂಟ್ ಹೊರಗೆ ಆಪರೇಟರ್ ಕಡೆ ಹೋಗಿ ವಾಪಸ್ ಬರಬಹುದು. ಹೊರಗೆ ರಸ್ತೆ ಅಗೆಯೋವಾಗ ಜೆಸಿಬಿ ಫೈಬರ್ ಕಟ್ ಮಾಡಿದ್ರೆ ಒಳಗಿನ ಎಜಿವಿ ಓಡುತ್ತಾ? ಕೋರ್, ಅಂದ್ರೆ ಇಡೀ ನೆಟ್‌ವರ್ಕ್ ನಡೆಸೋ ಮುಖ್ಯ ಭಾಗ, ನಿಮ್ಮ ಸರ್ವರ್ ರೂಮಲ್ಲೇ ಇದ್ರೆ ಓಡುತ್ತೆ, ಇಲ್ಲ ಅಂದ್ರೆ ಇಲ್ಲ.

ದಾಬಸ್‌ಪೇಟೆ_ಮೇಂಟೆನೆನ್ಸ್

ಎಲ್ಲರಿಗೂ ಕೈಮುಗೀತೀನಿ, ವೆಂಡರ್ ಪ್ರೆಸೆಂಟೇಶನ್‌ನಲ್ಲಿ ಇದರಲ್ಲಿ ಒಂದೂ ಇರ್ಲಿಲ್ಲ. ಫೈಬರ್ ಕಟ್ ವಿಚಾರ ಕೇಳಿದ್ದಕ್ಕೆ ಚೆಕ್ ಮಾಡಿ ಹೇಳ್ತೀನಿ ಅಂದ್ರು. ಎಜಿವಿಗೆ ಬೇರೆ ಎಸ್‌ಎಸ್‌ಐಡಿ ಮಾಡಿ 802.11ಆರ್ ಆನ್ ಮಾಡಿದೀನಿ, ಗೇಟ್ ಹತ್ರ ನಿಲ್ಲೋದು ಕಣ್ಣಿಗೆ ಕಾಣೋಷ್ಟು ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ, ಪ್ರೆಸ್ ಹೊಡೆಯೋ ಶಿಫ್ಟಲ್ಲಿ ಇನ್ನೂ ಅವಾಗವಾಗ ಬರುತ್ತೆ. ಪ್ಲಾಂಟ್ ಹೆಡ್‌ಗೆ ಹೀಗೆ ಬರೀತಿದೀನಿ: ಮಷೀನ್‌ಗಳು ವೈರಲ್ಲೇ ಇರ್ಲಿ, ಸ್ಕ್ಯಾನರ್ ವೈಫೈನಲ್ಲೇ ಇರ್ಲಿ, ಯಾರ್ಡು ಮತ್ತೆ ಗೇಟ್‌ಗೆ ಮಾತ್ರ ಪ್ರೈವೇಟ್ 5ಜಿ ಟ್ರಯಲ್ ಕೇಳೋಣ, ಹಾಕಿಸಿದ್ರೆ ಕೋರ್ ಪ್ಲಾಂಟ್ ಒಳಗೇ ಇರಬೇಕು. ಮುಂದಿನ ವರ್ಷ ಮೂರನೇ ಶೆಡ್ ಬರೋದಿದೆ, ಎಜಿವಿ ಜಾಸ್ತಿ ಆಗ್ತವೆ, ಅದಕ್ಕೆ ಈಗ್ಲೇ ಅಳೆದು ನೋಡೋದು ಒಳ್ಳೇದು ಅನ್ಸುತ್ತೆ. ಟ್ರಯಲ್ ಮಾಡಿಸೋವಾಗ ಏನು ಗಮನಿಸಬೇಕು?

ತರಂಗಾಂತರ

ಸರಿಯಾಗಿದೆ ಸರ್. ಟ್ರಯಲ್ ಭಾನುವಾರ ಖಾಲಿ ಶೆಡ್‌ನಲ್ಲಿ ಮಾಡಿಸಬೇಡಿ, ವೆಂಡರ್‌ಗಳು ಅದನ್ನೇ ಕೇಳ್ತಾರೆ. ಗೋಡೌನ್ ರ‍್ಯಾಕ್ ತುಂಬಿರಬೇಕು, ಪ್ರೆಸ್ ಓಡ್ತಿರಬೇಕು, ಯಾರ್ಡಲ್ಲಿ ಲಾರಿ ನಿಂತಿರಬೇಕು. ಎಜಿವಿಯೊಳಗೆ ಮೋಡೆಮ್ ಎಲ್ಲಿ ಕೂರಿಸ್ತಾರೆ, ಆಂಟೆನಾ ಹೊರಗೆ ಬರುತ್ತಾ ಅಂತ ನೋಡಿ, ತಗಡಿನ ಡಬ್ಬದೊಳಗೆ ಇಟ್ರೆ ಯಾವ ಜಿ ಆದ್ರೂ ಒಂದೇ. ಎಜಿವಿ ಕಂಟ್ರೋಲರ್ ಲಾಗ್‌ನಲ್ಲಿ ಪ್ರತಿ ಸ್ಟಾಪ್‌ನ ಟೈಮ್ ಬರುತ್ತೆ, ಅದನ್ನೂ ವೈಫೈ ಕಂಟ್ರೋಲರ್‌ನ ರೋಮಿಂಗ್ ಲಾಗನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಅದಕ್ಕೆ ಮೊದಲು ಎರಡರ ಗಡಿಯಾರಾನೂ ಒಂದೇ ಎನ್‌ಟಿಪಿ ಸರ್ವರ್‌ಗೆ (ಸರಿಯಾದ ಟೈಮ್ ಕೊಡೋದು) ಸೇರಿಸಿ. ಪ್ರೆಸ್ ಶಿಫ್ಟಲ್ಲಿ ಉಳಿದಿರೋ ಸ್ಟಾಪ್‌ಗಳು ರೋಮಿಂಗ್ ಟೈಮ್‌ಗೆ ಕೂಡಲಿಲ್ಲ ಅಂದ್ರೆ ಅದು ವೈರ್‌ಲೆಸ್ ಸಮಸ್ಯೇನೇ ಅಲ್ಲದೆ ಇರಬಹುದು, ಅಡ್ಡ ಬಂದದ್ದನ್ನ ನೋಡೋ ಎಜಿವಿಯ ಸೇಫ್ಟಿ ಸ್ಕ್ಯಾನರ್ ಗ್ಲಾಸ್ ಮೇಲೆ ಎಣ್ಣೆ ಮಸಿ ಕೂತಿದೆಯಾ ನೋಡಿ. ಲಾಗ್ ಸಿಕ್ಕಿದ್ಮೇಲೆ ಇಲ್ಲೇ ಹಾಕಿ, ಕೂತು ನೋಡೋಣ.